ನೆರಳು ನೋಡಿ ನೀರು ಹಂಚುವ ಊರು

ಲ್ಯಾಂಡ್ ಕ್ರೂಸರಿನಲ್ಲಿ ನಾವು ನಾಲ್ವರು: ನಾನು, ನನ್ನ ಹೆಂಡತಿ ಸುಮತಿ, ಘಾಲಾದಲ್ಲಿ ಗ್ಯಾರೇಜು ನಡೆಸುವ ನಮ್ಮ ಕರಾವಳಿಯವರೇ ಆದ ಹಮೀದಾಕ, ನನ್ನ ಆಫೀಸಿನ ಸಲೀಂ. ಹೊರಟದ್ದು ಅರಬ್ಬಿ ನಾಡಿನ ಬೆಟ್ಟಗಳ ನಡುವಿನ ಸಲೀಮನ ಹುಟ್ಟೂರಿಗೆ. ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲದ ಶುಕ್ರವಾರ. ನಾವಿದ್ದ ಅಲ್ ಗುಬ್ರಾ ಬಿಟ್ಟಾಗ ಇನ್ನೂ ನಸುಕು. ನಿಜ್ವಾ ದಾಟುವಷ್ಟರಲ್ಲಿ ನೀರುದೋಸೆಯ ಡಬ್ಬಿ ಖಾಲಿ. ಆಮೇಲೆ ಡಾಂಬರು ಮುಗಿದು ಕಲ್ಲುದಾರಿ ಬೆಟ್ಟ ಹತ್ತಿತು.

“ಇದು ರಸ್ತೆಯಾ ಮಾರಾಯ್ರೆ, ಆಡುಗಳಿಗೆ ಇಟ್ಟ ಏಣಿಯಾ?” ಎಂದರು ಹಮೀದಾಕ.

ಕೊನೆಯ ತಿರುವಿನಲ್ಲಿ ಊರು ಕಂಡಿತು ನೋಡಿ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೋಳು ಬೆಟ್ಟದ ಮಗ್ಗುಲಲ್ಲಿ ಮಣ್ಣುಬಣ್ಣದ ಮನೆಗಳು ಒಂದರ ಹೆಗಲ ಮೇಲೊಂದು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಖರ್ಜೂರ, ಗೋಧಿ, ಬೆಳ್ಳುಳ್ಳಿ. ಇಷ್ಟಕ್ಕೂ ಆಧಾರ ಮೊಳ ಅಗಲದ ಒಂದು ಕಾಲುವೆ. ಬೆಟ್ಟದ ಹೊಟ್ಟೆ ಕಡಿದು ಅದನ್ನು ತಂದವರು ಯಾರೆಂದು ಊರಿನ ಹಿರಿಯರಿಗೂ ತಿಳಿಯದು.

“ಮೊದಲು ನೀರು ಬಂತು, ಅದರ ಹಿಂದೆ ನಾವು ಬಂದೆವು,” ಎಂದರು ಸಲೀಮನ ತಾಯಿ ಝುವೈನಾ, ಕಾಫಿ ಬಗ್ಗಿಸುತ್ತ. ಅರಬ್ಬಿಯನ್ನು ಕನ್ನಡ ಮಾಡಿದ್ದು ಹಮೀದಾಕ. ನೀರು ಮನೆಮನೆಗೂ ಸರದಿಯಲ್ಲಿ ಸಿಗುತ್ತದೆಯಂತೆ. ಅಂದು ಮಧ್ಯಾಹ್ನ, ಪಕ್ಕದ ಖಲ್ಫಾನನ ಗೋಧಿಗೆ ಹರಿದಾದ ಮೇಲೆ, ಝುವೈನಾ ಅವರ ಎಳೆ ಬೆಳ್ಳುಳ್ಳಿ ಮಡಿಯ ಸರದಿ.

ಗಂಡಸರು ನಮಾಜಿಗೆ ಹೋದರು. ನಾವಿಬ್ಬರು ಕಾಲುವೆಯ ಕೆಳತುದಿಯಲ್ಲಿ, ಹೆಂಗಸರು ಬಟ್ಟೆ ಒಗೆಯುವಲ್ಲಿ, ಕೈಕಾಲು ತೊಳೆದೆವು. ಮೈಕೈ ಒರೆಸುವ ಬೈರಾಸನ್ನೂ ಸುಮತಿ ತೊಳೆದು ಹಿಂಡಿದಳು. ಎದುರಿನ ಬಯಲಲ್ಲಿ ಒಂಟಿ ಕಂಬ, ಅದರ ಪಕ್ಕ ನೆಲದಲ್ಲಿ ಕಲ್ಲುಗಳ ಸಾಲು. ಕೈಯಲ್ಲಿ ಒದ್ದೆ ಬಟ್ಟೆಯಿದ್ದರೆ ನಮ್ಮ ಕರಾವಳಿಯವರ ಕಣ್ಣು ಬಿಸಿಲನ್ನೇ ಹುಡುಕುತ್ತದೆ. ಅವಳು ಕಾಲ್ಬೆರಳ ಮೇಲೆ ನಿಂತು ಕಂಬದ ತುದಿಗೆ ಬೈರಾಸು ಸಿಕ್ಕಿಸಿದಳು. ಗಾಳಿಗೆ ಅದು ಬಿಚ್ಚಿಕೊಂಡಿತು, ನೆರಳೂ ಅಗಲವಾಯಿತು. ಕಣ್ಣು ಮಂಜಾಗಿದ್ದ ಝುವೈನಾ ಮೇಲಿನಿಂದ ನೋಡಿ, ನೆರಳು ತನ್ನ ಸರದಿಯ ಕಲ್ಲನ್ನು ಮುಟ್ಟಿತೆಂದು ಖುಷಿಯಿಂದ ಖಲ್ಫಾನನ ಹೊಲಕ್ಕೆ ನೀರು ಬಿಡುವ ಕಂಡಿ ಮುಚ್ಚಿ ತನ್ನದನ್ನು ತೆರೆದರು.

ನಮಾಜು ಮುಗಿಸಿ ಬಂದು ಖಲ್ಫಾನ್ ನೋಡುತ್ತಾನೆ, ಗೋಧಿಗೆ ನೀರಿಲ್ಲ. ಕೂಗಾಟ ಶುರುವಾಯಿತು. ಸರದಿ ನೋಡುವ ಮುದುಕ ಬಂದು ಬೈರಾಸು ಎಳೆದು ತೆಗೆದ. ಕಂಬದ ತೆಳ್ಳನೆಯ ನೆರಳು ಕಲ್ಲಿನಿಂದ ಇನ್ನೂ ಗೇಣು ದೂರವಿತ್ತು. ನಾವು ಬಟ್ಟೆ ಒಣಹಾಕಿದ್ದು ಊರಿನ ಗಡಿಯಾರಕ್ಕೆ.

“ಹಮೀದಾಕ, ತಪ್ಪು ನನ್ನದೂಂತ ಹೇಳಿ. ಆ ಅಮ್ಮನಿಗೆ ಬಯ್ಯೋದು ಬೇಡ,” ಸುಮತಿ ಅಂಗಲಾಚಿದಳು.

“ಹೇಳಿದೆ ಅಕ್ಕಾ. ಈ ಮುದುಕರು ಹೇಳೋದು, ಅತಿಥಿಗೆ ದಂಡ ಇಲ್ವಂತೆ. ಅತಿಥಿ ಯಾರ ಮನೆಗೆ ಬಂದದ್ದೋ ಅವರೇ ತೀರಿಸ್ಬೇಕಂತೆ. ಈ ಅಮ್ಮನ ಮುಂದಿನ ಸರದಿ ಪೂರಾ ಖಲ್ಫಾನನಿಗೆ. ಖಲಾಸ್.”

ಅಂದು ಸಿಕ್ಕ ನೀರಿನಲ್ಲಿ ಎಳೆ ಬೆಳ್ಳುಳ್ಳಿ ಮುಂದಿನ ಸರದಿಯವರೆಗೆ ತಡೆದರೂ, ಆ ಸರದಿ ತಪ್ಪಿದರೆ ಬದುಕುವುದು ಕಷ್ಟ. ಝುವೈನಾ ಸುಮತಿಯ ಕೈ ಹಿಡಿದು, ಅನ್ನ ಆರುತ್ತಿದೆ ಬನ್ನಿ ಎಂದರು. ಖಲ್ಫಾನನನ್ನೂ ಕರೆದರು. ಅವನು ಬಂದು, ನಾವೆಲ್ಲ ಸುತ್ತ ಕೂತಿದ್ದ ಒಂದೇ ದೊಡ್ಡ ತಟ್ಟೆಯಲ್ಲಿ ಕೈಯಿಟ್ಟು ಉಂಡು ಎದ್ದ.

“ನೆಂಟರ ಮನೆಗೆ ಜನ ಹಣ್ಣು ತಕೊಂಡು ಹೋಗ್ತಾರೆ, ನಾವು ಜಗಳ ತಕೊಂಡು ಹೋದೆವು,” ಎಂದರು ಹಮೀದಾಕ, ಬೆಟ್ಟ ಇಳಿಯುವಾಗ. ಸಲೀಂ ನಕ್ಕ. ಸುಮತಿ ನಗಲಿಲ್ಲ.

ಕೆಲವು ವಾರ ಕಳೆದು ಸಲೀಂ ಆಫೀಸಿನಲ್ಲಿ ಸುದ್ದಿ ಹೇಳಿದ. ಸರದಿಯ ದಿನ ತಾಯಿ ತಾವೇ ಹೋಗಿ ಖಲ್ಫಾನನ ಕಂಡಿ ತೆರೆದರಂತೆ. ಅಂದು ಕಳೆದುಕೊಂಡಷ್ಟು ಹೊತ್ತು ಮಾತ್ರ ಅವನು ಗೋಧಿಗೆ ನೀರು ಹರಿಸಿದ. ಆಮೇಲೆ ತನ್ನ ಕಂಡಿ ಮುಚ್ಚಿ, ಉಳಿದದ್ದನ್ನೆಲ್ಲ ಬೆಳ್ಳುಳ್ಳಿ ಮಡಿಗೆ ತಿರುಗಿಸಿ, ಗುದ್ದಲಿ ಹೊತ್ತು ಮನೆಗೆ ಹೋದನಂತೆ.