ಹೆಂಗಸರ ಪಂದ್ಯಕ್ಕೆ ಮಲ್ಲಿ ಕೂತ ದಿನ

ಗೂಡಲೂರು ಬಸ್ ಸ್ಟ್ಯಾಂಡಿನ ಹಿಂದೆ ಅಕ್ಕಿಹಿಟ್ಟಿನ ಪುಟ್ಟು ಬೇಯಿಸಿ ಮಾರುತ್ತಿದ್ದ ಮಲ್ಲಿಗೆ ಇಸ್ಪೀಟೆಲೆ ಕೈಗೆ ಬಂದರೆ ಊಟ ಬೇಡ, ನಿದ್ದೆ ಬೇಡ. ಅವಳ ಆಟ ಇಪ್ಪತ್ತೆಂಟು. ನಾಲ್ಕು ಜನ ಎರಡು ಜೋಡಿಯಾಗಿ ಕೂತು ಆಡುವ ಆ ಆಟದಲ್ಲಿ ಗುಲಾಮ ಎಲ್ಲಕ್ಕಿಂತ ದೊಡ್ಡ ಎಲೆ, ಅದರ ಕೆಳಗೆ ಒಂಬತ್ತು. ಆ ಒಂಬತ್ತನ್ನು ಎಸೆಯುವಾಗ ಮಾತ್ರ ಮಲ್ಲಿ ಬಾಯಿಬಿಟ್ಟು ಅದರ ಹೆಸರು ಹೇಳುತ್ತಿರಲಿಲ್ಲ. ಬೀದಿಯಲ್ಲಿ ಅವಳಂಥವರನ್ನು ಜನ ಹಿಂದಿನಿಂದ ಕೂಗುತ್ತಿದ್ದುದು ಅದೇ ಹೆಸರಿನಿಂದ.

ಅವಳು ಹುಟ್ಟಿದ್ದು ಮಸಿನಗುಡಿ ಪಕ್ಕದ ಹಾಡಿಯಲ್ಲಿ, ನಂಜ ಎಂಬ ಗಂಡುಮಗುವಾಗಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಅಕ್ಕನ ಸೀರೆ ಉಟ್ಟು ಹೊರಟಾಗ, ಜೀಪು ನಿಲ್ಲುವ ಜಾಗದಲ್ಲಿ ಕೆಲವರು ಹಿಡಿದುಕೊಂಡು, "ಒಳಗೇನೈತೆ ನೋಡೇಬುಡವ" ಎಂದು ಸೀರೆ ಎಳೆದಿದ್ದರು. ಆಮೇಲೆ ಕೊಯಮತ್ತೂರಿಗೆ ಓಡಿಹೋಗಿ, ತನ್ನಂಥವರ ನಡುವೆ ಮಲ್ಲಿಯಾಗಿ ಬೆಳೆದು, ಬೆಟ್ಟದ ನೆನಪು ಬಿಡದೆ ಗೂಡಲೂರಿಗೆ ಬಂದು ನೆಲೆಸಿದಳು. ಊರಿನವರು ಅವಳ ಪುಟ್ಟು ತಿಂದರು, ಹೆಚ್ಚೇನೂ ಕೇಳಲಿಲ್ಲ. ಆದರೂ ಗಂಡಸರು ಗುಂಪಾಗಿ ನಿಂತ ಕಡೆ ಅವಳು ಆಗಲೂ ದಾರಿ ಬದಲಿಸುತ್ತಿದ್ದಳು.

ಎರಡು ಸಾವಿರದ ಮೂರರ ಓಣಂ ಹಬ್ಬಕ್ಕೆ ಪೇಟೆಯ ಸಂಘದವರು ಮೊದಲ ಸಲ ಹೆಂಗಸರಿಗೆಂದೇ ಇಪ್ಪತ್ತೆಂಟರ ಪಂದ್ಯ ಇಟ್ಟರು. ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುವ ವಸಂತಾಮಣಿ ಬಂದು, "ನೀನೇ ನನ್ನ ಜೋಡಿ" ಎಂದಳು.

"ಬ್ಯಾಡಕ್ಕ. ಯಾರಾದ್ರೂ ಏನಾದ್ರೂ ಅಂದ್ರೆ?"

"ಗಂಡಸರ ಪಂದ್ಯಕ್ಕೆ ಹೋದ್ರೆ ಸೇರಿಸ್ಕೋತಾರಾ? ಮತ್ತೆಲ್ಲಿ ಆಡ್ತೀಯೆ?"

ಇಬ್ಬರೂ ಹೋಗಿ ಹೆಸರು ಬರೆಸಿದರು.

ಮೊದಲ ಆಟ ಗೆದ್ದರು. ಎರಡನೆಯದರಲ್ಲಿ ಎದುರಾಳಿ ಜೋಡಿಯಲ್ಲಿ ಕೂತವಳು ಮೆಣಸಿನ ವ್ಯಾಪಾರಿಯ ಹೆಂಡತಿ ಸುನೀತಾ. ನಡುವೆ ಮಲ್ಲಿ ಕೆಮ್ಮಿದಳು. ದಪ್ಪ ಕೆಮ್ಮು. ಸುನೀತಾ ಅವಳ ಗಂಟಲ ಗಂಟನ್ನೇ ದಿಟ್ಟಿಸಿ ನೋಡಿ, ಎಲೆ ಕೆಳಗಿಟ್ಟು ಎದ್ದಳು.

"ಇವರು ಹೆಂಗಸಲ್ಲ."

ಚಪ್ಪರದಡಿ ಕೂತವರೆಲ್ಲ ತಿರುಗಿ ನೋಡಿದರು. ಮಲ್ಲಿ ತನ್ನ ಎಲೆಗಳನ್ನು ಮಗುಚಿ ಮಡಿಲಲ್ಲಿಟ್ಟುಕೊಂಡಳು. ಸಂಘದ ಕಾರ್ಯದರ್ಶಿ ನಂಜುಂಡೇಶ ಬಂದ. ಗುಂಡ್ಲುಪೇಟೆ ಕಡೆಯಿಂದ ಬಂದು ಕಿರಾಣಿ ಅಂಗಡಿ ಇಟ್ಟವನು, ಜಗಳ ಎಂದರೆ ಆಗದವನು.

"ಹೆಂಗಸರಿಗೆ ಮಾತ್ರ ಅಂತ ರೂಲ್ಸು ಕಣಮ್ಮ. ಆಟ ಆಡೋಕೆ ಬಂದಿರೋ ನರ್ಸಮ್ಮ ಒಬ್ರವ್ರೆ. ಒಳಗೆ ಕರ್ಕೊಂಡೋಗಿ ನೋಡ್ಬುಡ್ಲಿ. ಮುಗೀತದೆ."

ನೋಡ್ಬುಡ್ಲಿ. ಮಲ್ಲಿಗೆ ಜೀಪಿನ ಡೀಸೆಲ್ ವಾಸನೆ ಮೂಗಿಗೆ ಹೊಡೆದಂತಾಯಿತು. ಸೆರಗನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ಓಡಬೇಕು ಎಂದು ಸುತ್ತ ನೋಡಿದಳು. ಗೇಟಿನ ಹತ್ತಿರ ಗಂಡಸರು ನಿಂತಿದ್ದರು.

"ಸಾರ್," ಎಂದಳು. ತನ್ನ ದನಿ ತನಗೇ ಕೇಳಲಿಲ್ಲ. ಮತ್ತೆ ಹೇಳಿದಳು. "ಸಾರ್, ರೂಲ್ಸು ಅಂದ್ರೆ ಎಲ್ರಿಗೂ ತಾನೆ? ಎಲ್ರನ್ನೂ ನೋಡ್ತಾರಾ, ನನ್ನೊಬ್ಬಳನ್ನೇನಾ?"

ನಂಜುಂಡೇಶ ತಲೆ ಕೆರೆದುಕೊಂಡ. "ಒಬ್ರಿಗೊಂದು ಅಂತ ಹೆಂಗೆ ಮಾಡಾದು. ನೋಡೋದಾದ್ರೆ ಎಲ್ರನ್ನೂ ನೋಡ್ಬೇಕಾಯ್ತದೆ."

ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಒಬ್ಬಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಸುನೀತಾ ಸರಸರ ನಂಜುಂಡೇಶನ ಹತ್ತಿರ ಬಂದಳು.

"ಗಂಡಸ್ರ ಜೊತೆ ಕೂತು ಆಡ್ದೆ ಅಂತ ನಮ್ಮನೆಯವರಿಗೆ ಗೊತ್ತಾದ್ರೆ ನನ್ನ ಹೊಸಿಲು ದಾಟಕ್ಕೆ ಬಿಡಲ್ಲ," ಎಂದಳು. "ಬರೀ ಹೆಂಗಸ್ರು ಅಂತ ಹೇಳಿದ್ದಕ್ಕೇ ಅವರು ಕಳಿಸಿದ್ದು. ಅದಕ್ಕೇ ಹೇಳ್ದೆ. ನಂಗೆ ಇವರ ಮೇಲೆ ಏನೂ ಇಲ್ಲ."

ಮಲ್ಲಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ಸುನೀತಾ ಮಾತಾಡುತ್ತಲೇ ಗೇಟಿನ ಕಡೆ ನೋಡುತ್ತಿದ್ದಳು.

"ಇವಳು ವರ್ಷಾನುಗಟ್ಲೆ ನಮ್ಮ ಜೊತೆ ನಲ್ಲಿ ಹತ್ರ ಬಿಂದಿಗೆ ಹಿಡಿದು ನಿಂತವಳೆ," ಎಂದಳು ವಸಂತಾಮಣಿ. "ಆವಾಗ ಯಾರೂ ಕೇಳ್ಲಿಲ್ಲ."

ನಂಜುಂಡೇಶ ಅತ್ತಿತ್ತ ನೋಡಿ, ಊರಲ್ಲಿ ಹೆಂಗಸಾಗಿ ಬಾಳುತ್ತಿರುವವರು ಆಡಬಹುದು, ಆದರೆ ಆಡಲು ಬಂದವರಲ್ಲಿ ಇಬ್ಬರು ಕೈ ಎತ್ತಿ ಹೌದು ಎನ್ನಬೇಕು ಎಂದುಬಿಟ್ಟ. ವಸಂತಾಮಣಿ ಕೈ ಎತ್ತಿದಳು. ಇನ್ನೊಂದು ಕೈಗಾಗಿ ಮಲ್ಲಿ ತಲೆ ತಗ್ಗಿಸಿ ಕಾದಳು. ಕೊನೆಗೆ ನರ್ಸಮ್ಮ, "ಹೆಂಗಸೇ. ಆಡ್ರಿ," ಎಂದು ಕೈ ಎತ್ತಿದಳು.

ಆಟ ಮುಂದುವರಿಯಿತು. ಮುಚ್ಚಿಟ್ಟ ತುರುಪನ್ನು ತೋರಿಸಿ ಎಂದು ಕೇಳಬೇಕಾದಾಗ ಮಲ್ಲಿ ಕೇಳುವುದನ್ನೇ ಮರೆತಳು. ಸೋತರು. ವಸಂತಾಮಣಿ ಎಲೆಗಳನ್ನು ಒಟ್ಟುಮಾಡಿ ಕಟ್ಟಿಟ್ಟಳು.

ಸಂಜೆ ಸುನೀತಾಳ ಗಂಡ ಸ್ಕೂಟರಿನಲ್ಲಿ ಬಂದು ಗೇಟಿನಲ್ಲಿ ನಿಂತು ಒಳಗೆ ಒಬ್ಬೊಬ್ಬರನ್ನೇ ನೋಡತೊಡಗಿದ. ಮಲ್ಲಿ ಸದ್ದಿಲ್ಲದೆ ಎದ್ದು ಚಪ್ಪರದ ಹಿಂದೆ, ಅಡುಗೆಯ ಹಂಡೆಗಳ ಮರೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಅವಳಿಗೆ ತನ್ನ ಭಯವೂ ಇತ್ತು, ಸುನೀತಾಳದೂ ಸೇರಿಕೊಂಡಿತ್ತು. ಸ್ಕೂಟರಿನ ಸದ್ದು ದೂರವಾದ ಮೇಲೂ ಏಳಲಿಲ್ಲ. ವಸಂತಾಮಣಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು.

ಮರುವರ್ಷವೂ ಅದೇ ರೂಲ್ಸು ಉಳಿಯಿತು. ಇಬ್ಬರು ಕೈ ಎತ್ತಬೇಕು ಎಂದಾಗ ಎರಡನೆಯ ಕೈ ಎತ್ತಿದವಳು ಸುನೀತಾ. ಎತ್ತುವ ಮೊದಲು ಗೇಟಿನ ಕಡೆ ಒಮ್ಮೆ ನೋಡಿಕೊಂಡಳು.