ತಾರೀಖು ಮೀರಿದ ತೋಟ

ಔಷಧಿ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ತಾರೀಖಕ್ಕ ಎಂದು. ಹತ್ತೊಂಬತ್ತು ವರ್ಷ ಗಾಜಿನ ಕಪಾಟುಗಳ ನಡುವೆ ನಿಂತು ಸಂಪಾದಿಸಿದ ಕೀರ್ತಿ ಅದೊಂದೇ. ಮಾತ್ರೆಯ ಶೀಟು ಕೈಗೆ ಬಂದರೆ ಹೆಸರು ಓದುವ ಮೊದಲು ಹಿಂದೆ ತಿರುಗಿಸಿ ತಾರೀಖು ನೋಡುತ್ತಾಳೆ. ತಿಂಗಳ ಮೊದಲ ಸೋಮವಾರ ಕಪಾಟನ್ನೆಲ್ಲ ಜಾಲಾಡಿ, ಅವಧಿ ಮುಗಿದದ್ದನ್ನು ರಟ್ಟಿನ ಡಬ್ಬಕ್ಕೆ ಎಸೆಯುವಾಗ ಅವಳ ಮುಖಕ್ಕೆ ಬರುವ ಕಳೆ ಮದುವೆಯ ಫೋಟೋದಲ್ಲೂ ಇಲ್ಲ ಎಂದು ಗಂಡನ ದೂರು. ನೆಂಟರ ಮನೆಗೆ ಹೋದರೆ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಕೆಳಗೆ ಹಿಡಿದು ಓದುತ್ತಾಳೆ. ಇದು ಕೆಟ್ಟ ಚಾಳಿ ಎಂದು ಅವಳಿಗೂ ಗೊತ್ತು. ಬಿಡೋಕೆ ಆಗಿಲ್ಲ, ಅಷ್ಟೆ.

ಮನೆಯಲ್ಲಿ ಇನ್ನೊಂದು ಚಾಳಿಯಿತ್ತು. ಕಂಪ್ಯೂಟರಿನಲ್ಲಿ ತೋಟ ಮಾಡುವ ಆಟ. ಬೀಜ ಬಿತ್ತಬೇಕು, ಕೋಳಿ ಸಾಕಬೇಕು, ಬೇಲಿ ಹಾಕಬೇಕು. ನಲವತ್ತರ ಹೆಂಗಸು ಹೀಗೆ ಗೊಂಬೆ ಕೋಳಿಗೆ ಕಾಳು ಹಾಕುವುದನ್ನು ಯಾರಾದರೂ ನೋಡಿದರೆ ಏನಂದಾರು ಎಂದು ಬಾಗಿಲು ಮುಂದೆ ಮಾಡಿಕೊಂಡು ಆಡುತ್ತಿದ್ದಳು. ಒಂದು ದಿನ ಅತ್ತೆ ಬಂದು ಹಿಂದೆ ನಿಂತರು. ಎರಡು ನಿಮಿಷ ಪರದೆ ನೋಡಿ, "ಆ ಕರೀ ಹಸುಗೆ ನೀರಿಟ್ಟಿಲ್ಲ ನೀನು" ಎಂದರು. ಮರುದಿನ ಸ್ಟೂಲು ಎಳೆದುಕೊಂಡು ಕೂತರು. ವಾರ ಕಳೆಯುವುದರೊಳಗೆ ಮೌಸು ಅವರ ಕೈಯಲ್ಲಿತ್ತು, ಸ್ಟೂಲಿನ ಮೇಲೆ ಸೊಸೆ ಇದ್ದಳು.

ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದರೂ ಅವರಿಬ್ಬರ ಮಾತು ಗ್ಯಾಸು ಮುಗಿಯಿತು, ಹಾಲು ಬಂತು ಎಂಬುದನ್ನು ದಾಟಿರಲಿಲ್ಲ. ತೋಟ ಬಂದ ಮೇಲೆ ದಾಟಿತು. ಅತ್ತೆ ತಮ್ಮದೇ ತೋಟ ಶುರುಮಾಡಿದರು. ಅಲ್ಲಿಗೆ ಕೆಂಪು ಕೋಳಿ ಬೇಕು, ಕಲ್ಲಿನ ಬೆಂಚು ಬೇಕು ಎಂದು ಬೇಡಿಕೆ ಇಟ್ಟರು. ಆಟದವರು ಕೊಡದ ಇಂಥದ್ದನ್ನೆಲ್ಲ ಎಲ್ಲೆಲ್ಲಿಯದೋ ಹವ್ಯಾಸಿಗಳು ತಯಾರಿಸಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಂಚುತ್ತಾರೆ. ಅವಕ್ಕೆ ಮಾಡ್‌ಗಳು ಎನ್ನುತ್ತಾರೆ. ಅವನ್ನು ಹುಡುಕಿ ತಂದು ಹಾಕುವುದು ಸೊಸೆಯ ಕೆಲಸ. ಅತ್ತೆ "ನನ್ನ ಸೊಸೆ ತಂದುಕೊಟ್ಟಳು" ಎಂದು ಪಕ್ಕದ ಮನೆಯವರಿಗೆ ಹೇಳಿದ್ದು ಕಿವಿಗೆ ಬಿದ್ದಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರು, ಆರು ವಾರ ತೋಟವಿಲ್ಲ. ಪ್ಲಾಸ್ಟರು ತೆಗೆಯುವ ದಿನ ಮಗನ ಜೊತೆ ಆಸ್ಪತ್ರೆಗೆ ಹೊರಡುವಾಗ, "ಬಂದವಳೇ ಕೂತ್ಕೊಳ್ಳೋದು. ಎಲ್ಲ ರೆಡಿ ಮಾಡಿಟ್ಟಿರು" ಎಂದು ಹೇಳಿಹೋದರು.

ಅವಳು ರೆಡಿ ಮಾಡಲು ಕೂತಳು. ಆಟಕ್ಕೆ ಹೊಸ ಆವೃತ್ತಿ ಬಂದು ತಿಂಗಳಾಗಿತ್ತು. ಹಳೆಯ ಮಾಡ್‌ಗಳು ಕೆಲವು ಹೊಂದುತ್ತಿಲ್ಲ, ತೆಗೆಯಿರಿ ಎಂದು ಪರದೆಯ ಮೇಲೆ ಸೂಚನೆ ಬಂತು. ಕೆಲವು ಎಂಬ ಪದ ತಾರೀಖಕ್ಕನ ಕಣ್ಣಿಗೆ ಬೀಳಲೇ ಇಲ್ಲ. ಫೈಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದಳು. ಒಂದು ತಿಂಗಳಿಗಿಂತ ಹಳೆಯದನ್ನೆಲ್ಲ ಒಟ್ಟಿಗೆ ಆರಿಸಿದಳು. ಕಸದಬುಟ್ಟಿಗೂ ಹೋಗದಂತೆ ಒಂದೇ ಏಟಿಗೆ ಅಳಿಸಿದಳು. ನಾನೂರಹತ್ತು ಫೈಲು! ಸೋಮವಾರದ ಆ ಕಳೆ ಮುಖಕ್ಕೆ ಬಂದಿರಲೇಬೇಕು.

ಆಟ ತೆರೆದರೆ ಒಂದೇ ತೋಟ ಕಂಡಿತು, ಅವಳದು. ಅತ್ತೆಯದು ಇರಲಿಲ್ಲ. ಎಲ್ಲ ಒಂದೇ ಕಡೆ ಚೊಕ್ಕವಾಗಿರಲಿ ಎಂದು ಎರಡೂ ತೋಟಗಳ ಫೈಲನ್ನು ಮಾಡ್‌ಗಳ ಜೊತೆಗೇ ತಂದಿಟ್ಟವಳು ಅವಳೇ. ನಿನ್ನೆ ತಾನೇ ಆಡಿದ್ದರಿಂದ ಅವಳದ್ದು ಹೊಸದು, ಉಳಿಯಿತು. ಕೈ ಮುರಿದು ಕೂತವರದ್ದು ಆರು ವಾರ ಹಳೆಯದು, ಅವಧಿ ಮುಗಿದಿತ್ತು. ತನ್ನ ಕೋಳಿಗಳು ಪರದೆಯ ಮೇಲೆ ನಿಶ್ಚಿಂತೆಯಿಂದ ಓಡಾಡುತ್ತಿದ್ದುದನ್ನು ನೋಡಿ ಅವಳಿಗೆ ನಾಚಿಕೆಯಿಂದ ಮೈ ಬಿಸಿಯಾಯಿತು.

ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದಳು.

"ಮೇಡಂ, ಗಾಬರಿ ಬೇಡ," ಎಂದ ಅವನು. "ಹಳೇ ಡಿಸ್ಕಲ್ವಾ, ಅಳಿಸಿದ್ದು ಇನ್ನೂ ಅಲ್ಲೇ ಇರುತ್ತೆ. ಜಾಗ ಖಾಲಿ ಅಂತ ಗುರುತು ಬಿದ್ದಿರುತ್ತೆ, ಅಷ್ಟೆ. ಅದರ ಮೇಲೆ ಬೇರೇದು ಕೂತ್ರೆ ಮಾತ್ರ ಕಷ್ಟ. ಅದಕ್ಕೆ ಈಗ ಹೊಸದಾಗಿ ಏನೂ ಡೌನ್‌ಲೋಡ್ ಮಾಡ್ಬೇಡಿ."

"ಮಾಡಿಬಿಟ್ಟಿದ್ದೀನಲ್ಲಪ್ಪ. ಮೂರು."

"ಮೂರು ಏನು?"

"ಅಳಿಸಿದ್ದನ್ನ ವಾಪಸ್ ತರೋ ಸಾಫ್ಟ್‌ವೇರು."

ಅವನು ಬೇರೊಂದು ದಾರಿ ಹೇಳಿಕೊಟ್ಟ. ಮನೆಮಂದಿಗೆಲ್ಲ ಬುದ್ಧಿ ಹೇಳುವ ತನಗೆ ಇಷ್ಟೂ ಬುದ್ಧಿ ಇಲ್ಲವೆಂದು ಒಬ್ಬ ಹೊರಗಿನವನಿಗೂ ಗೊತ್ತಾಯಿತಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು.

ಅವನು ಹೇಳಿದಂತೆ ಒಂದು ಸಾಫ್ಟ್‌ವೇರನ್ನು ಗಂಡನ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ಓಡಿಸಿದಳು. ಅದು ಡಿಸ್ಕನ್ನು ಕೆದಕಿ ಕೆದಕಿ ಸಿಕ್ಕಿದ್ದನ್ನೆಲ್ಲ ಪೆನ್‌ಡ್ರೈವಿನಲ್ಲೇ ಗುಡ್ಡೆ ಹಾಕಿತು. ಹೆಸರೂ ಇಲ್ಲ, ತಾರೀಖೂ ಇಲ್ಲ, ಬರೀ ನಂಬರು. ತಾರೀಖಿಲ್ಲದ ಒಂದು ರಾಶಿ ಎದುರು ಬಂದಾಗ ತಾನು ಎಷ್ಟು ಕೈಲಾಗದವಳು ಎಂಬುದು ಅವಳಿಗೆ ಆವತ್ತೇ ತಿಳಿದದ್ದು. ಒಂದೊಂದನ್ನೇ ತೆರೆದಳು. ಒಂದರಲ್ಲಿ ಬೇಲಿಯ ಚಿತ್ರ, ಇನ್ನೊಂದರಲ್ಲಿ ಕೋಳಿಯ ಕೂಗು, ಮತ್ತೊಂದು ತೆರೆಯಲೇ ಇಲ್ಲ. ಅತ್ತೆಯ ತೋಟದಷ್ಟೇ ದಪ್ಪದ ಒಂದು ಫೈಲು ಸಿಕ್ಕಿತು. ಒಳಗೆ ನೋಡಿದರೆ ಬರೀ ಅರ್ಥವಿಲ್ಲದ ಅಕ್ಷರಗಳು. ಅದರ ಮೇಲೆಯೇ ಅವಳು ಇಳಿಸಿಕೊಂಡ ಮೂರು ಸಾಫ್ಟ್‌ವೇರಿನಲ್ಲಿ ಒಂದು ಹೋಗಿ ಕೂತಿತ್ತು.

ಹನ್ನೆರಡೂವರೆಗೆ ಗಂಡನ ಫೋನು ಬಂತು: "ಆಯ್ತು ಕಣೇ, ಹೊರಟ್ವಿ. ಅಮ್ಮ ಆಗ್ಲಿಂದ ಬೆರಳು ಆಡಿಸ್ತಾನೇ ಇದ್ದಾರೆ."

ಆಗ ತೆರೆಯಿತು ಒಂದು ಫೈಲು. ಅತ್ತೆಯದೇ ತೋಟ, ಆದರೆ ಇದ್ದ ಸ್ಥಿತಿ ನೋಡಿದರೆ ಎಂಟು ತಿಂಗಳ ಹಿಂದಿನದು. ಯಾವುದೋ ಮಾಡ್ ಹಾಕುವ ಮುಂಚೆ ಎತ್ತಿಟ್ಟ ಪ್ರತಿಯಿರಬೇಕು. ಮನೆಯಿದೆ, ಹಸುವಿದೆ, ದಾರಿಯಿದೆ. ಆಮೇಲೆ ಮಾಡಿದ್ದು ಯಾವುದೂ ಇಲ್ಲ. ಎಪ್ಪತ್ತೆರಡು ವರ್ಷದವರು, ಆರು ವಾರ ಮುಟ್ಟಿಲ್ಲ, ಅವರಿಗೆ ಎಲ್ಲಿ ಗೊತ್ತಾಗುತ್ತದೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ಆ ದಿನದ ತಪ್ಪುಗಳಲ್ಲೆಲ್ಲ ದೊಡ್ಡದು.

ಅತ್ತೆ ಬಂದು ಕೂತರು. ಕೈ ಬಿಳಿಚಿಕೊಂಡಿತ್ತು, ಮೌಸನ್ನು ಮೆಲ್ಲಗೆ ಹಿಡಿದರು. ಮನೆಯಿಂದ ಹಸುವಿನ ತನಕ ಹೋದರು. ದಾರಿ ಹಿಡಿದು ತೋಟದ ಕೆಳಗಿನ ಮೂಲೆಗೆ ಹೋಗಿ ನಿಂತರು. ವಾಪಸು ಬಂದರು. ಮತ್ತೆ ಹೋದರು.

"ಇಲ್ಲೊಂದು ಕೊಳ ಇತ್ತಲ್ವೇನೇ?"

"ಯಾವ ಕೊಳ, ಅತ್ತೆ?" ಎಂದಳು ಸೊಸೆ. ಬಾಯಿ ತಾನಾಗಿ ಅಂದುಬಿಟ್ಟಿತು.

ಅತ್ತೆ ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ತೋಡಿದ್ದೆ ಅನ್ಸುತ್ತೆ ಕಣೇ. ಬಾತುಕೋಳಿ ಬಿಟ್ಟಿದ್ದೆ. ಕಣ್ಣಿಗೆ ಕಟ್ಟಿದ ಹಾಗಿದೆ." ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಮ್ಮಕ್ಕನಿಗೂ ಹೀಗೇ ಶುರುವಾಗಿದ್ದು. ಇಲ್ಲದ್ದನ್ನ ಇತ್ತು ಇತ್ತು ಅಂತಿದ್ಲು. ಕೊನೆಗೆ ನನ್ನನ್ನೇ ನೀನ್ಯಾರು ಅಂದ್ಲು. ನಿನ್ನ ಗಂಡನಿಗೆ ಹೇಳ್ಬೇಡ ಈಗ್ಲೇ."

ಬೈಗುಳ ತಪ್ಪಿಸಿಕೊಳ್ಳಲು ಹೋಗಿ ಸೊಸೆ ಒಬ್ಬರ ನೆನಪಿನ ಮೇಲೆ ಅವರಿಗಿದ್ದ ನಂಬಿಕೆಗೇ ಕೈ ಹಾಕಿದ್ದಳು.

"ಕೊಳ ಇತ್ತು, ಅತ್ತೆ. ನಾನೇ ಅಳಿಸಿಬಿಟ್ಟೆ." ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಲಿಲ್ಲ. ತಾರೀಖು ನೋಡಿದ್ದು, ನಾನೂರಹತ್ತು ಫೈಲು, ಮೂರು ಸಾಫ್ಟ್‌ವೇರು, ಹಳೆಯ ತೋಟ ಹಾಕಿ ಮೋಸ ಮಾಡಲು ನೋಡಿದ್ದು, ಎಲ್ಲವನ್ನೂ ಅಳುತ್ತ ಒದರಿದಳು.

ಅತ್ತೆ ಕೊನೆಯವರೆಗೂ ಕೇಳಿದರು. ಬೈಯಲಿಲ್ಲ. "ಬಾತುಕೋಳಿ ಎಷ್ಟಿದ್ವು, ಹೇಳು" ಎಂದರು.

"ಏಳು."

"ಏಳು," ಎಂದರು ಅತ್ತೆ. "ನಂಗೂ ಏಳೇ." ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅವರ ಕಣ್ಣೂ ತುಂಬಿತ್ತು. "ಕಲ್ಲಿನ ಬೆಂಚು ಯಾವ ಮರದ ಕೆಳಗೆ? ತಡಿ, ನೀನು ಹೇಳ್ಬೇಡ. ನಾನು ಹೇಳ್ತೀನಿ, ಸರಿಯಾ ನೋಡು."

ಅಂದು ಊಟ ತಣ್ಣಗಾಯಿತು. ಅತ್ತೆ ಕಳೆದುಹೋದದ್ದನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದರು, ಸೊಸೆ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತ ಹೋದಳು. ಮೂವತ್ತೆಂಟು ಬಾಬತ್ತು. ಎರಡು ಕಡೆ ಇಬ್ಬರ ಲೆಕ್ಕ ಕೂಡಲಿಲ್ಲ. ಎರಡರಲ್ಲೂ ಮರೆತಿದ್ದವಳು ಸೊಸೆ.