ಸೋಮವಾರದ ಗೆಂಡೆ, ನನ್ನ ಬಕೆಟ್ಟು

ಗೆಳೆಯರೇ, ಇವತ್ತು ಬೆಳಿಗ್ಗೆ ಹಲವಾಗಲಿನ ಹೊಳೆದಂಡೆಯಲ್ಲಿ ನನ್ನ ಸೋದರಮಾವ ಮೊಳದುದ್ದದ ಗೆಂಡೆ ಮೀನು ಹಿಡಿದು, ಗಾಳ ಬಿಡಿಸಿ, ವಾಪಸ್ ನೀರಿಗೇ ಬಿಟ್ಟರು. ನಾನು ಖಾಲಿ ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಯಾಕ ಮಾವ, ಬಿಟ್ಟೇಬಿಟ್ರಿ?"

"ಇವತ್ತು ಸೋಮವಾರ ಐತಲೇ. ಮನ್ಯಾಗ ಮೀನು ಮಾಡಂಗಿಲ್ಲ."

ಸೋಮವಾರ ಎಂದೇ ನಾನು ಬಕೆಟ್ಟು ಒಯ್ದದ್ದು! ಹಿಂದೆಲ್ಲ ಇದೇ ಮಾವ ಸೋಮವಾರ ಹಿಡಿದ ಮೀನನ್ನು ಬಕೆಟ್ಟಿನ ನೀರಲ್ಲಿ ಜೀವಂತ ಇಟ್ಟು, ಮಂಗಳವಾರ ಬೆಳಗಾಗುತ್ತಲೇ ಅತ್ತೆಯ ಕೈಯಲ್ಲಿ ಸಾರು ಮಾಡಿಸುತ್ತಿದ್ದರು. ತಪ್ಪಿಸಿಕೊಂಡ ಮೀನಿಗೆ ವಾರಗಟ್ಟಲೆ ಬೈಯುತ್ತಿದ್ದ ಮನುಷ್ಯ.

"ಹಂಗಾದ್ರ ಸೋಮವಾರನ ಯಾಕ ಬರ್ತೀರಿ?"

"ಬ್ಯಾರೆ ದಿನ ಬಂದ್ರ ಮೀನಿನ ಚಿಂತಿ ಇರತೈತಿ. ಇವತ್ತಾದ್ರ ಸುಮ್ನ ಹೊಳಿ ನೋಡ್ಕೋಂತ ಕುಂದರಬೌದು."

"ಮತ್ತ ಗಾಳ ಯಾಕ?"

"ಗಾಳ ಇಲ್ದ ಒಬ್ಬನ ಕುಂತ್ರ, ಮಂದಿ ಬಂದು 'ಏನಾತೋ ಯಜ್ಜ' ಅಂತ ಕೇಳ್ತಾರಲೇ."

ಆಮೇಲೆ ನನ್ನ ಬಕೆಟ್ಟು ಇಸಿದುಕೊಂಡು, ಬೋರಲು ಹಾಕಿ, ಅದರ ಮೇಲೆ ಕೂತರು. "ಚಲೋ ಮಾಡಿದಿ ತಂದು. ಮೊಣಕಾಲು ಹಿಡ್ಕೊಂಡಾವು."

ಅವರಿಗೆ ಎಪ್ಪತ್ತು, ನನಗೆ ಐವತ್ತೆರಡು. ಇದೆಲ್ಲ ಯಾವ ವಯಸ್ಸಿಗೆ ಶುರುವಾಗುತ್ತದೋ ಎಂಬ ಕುತೂಹಲ ನನಗೆ. ಅವರು ಗಾಳವನ್ನು ನನ್ನ ಕೈಗೆ ಕೊಟ್ಟು ಚಹಾ ಕುಡಿಯಲು ಹೋದಾಗ, ನಾನೂ ಆ ಬಕೆಟ್ಟಿನ ಮೇಲೆ ಕೂತು ನೋಡಿದೆ. ಸುಳ್ಳೇಕೆ, ಹಿತವಾಗಿತ್ತು.

ಗಾಳದ ದಾರ ಎರಡು ಸಲ ಜಗ್ಗಿತು. ನಾನು ಏಳಲಿಲ್ಲ.